ಸತ್ತಾಮನ ಪಾಲು

ಮೊದಲ ಮಳೆ ಬಿದ್ದು ಒಂಬತ್ತು ದಿನವಾಗಿತ್ತು. ಬೇಸಿಗೆಯಿಡೀ ಎಲೆಗಳ ಮೇಲೆ ಕೂತಿದ್ದ ಧೂಳು ತೊಳೆದುಹೋಗಿ, ದೇರ್ ಝಾರೂರಿನ ಇಳಿಜಾರಿನಲ್ಲಿ ಆಲಿವ್ ಮರಗಳು ಮೈ ತೊಳೆದ ಮಕ್ಕಳಂತೆ ನಿಂತಿದ್ದವು. ಮಳೆಗೆ ಮುಂಚೆ ಕಾಯಿ ಬಿಡಿಸುವವನು ಆತುರಗೇಡಿ, ಎರಡನೆಯ ಮಳೆಗೆ ಕಾಯುವವನು ಸೋಮಾರಿ ಎಂಬುದು ಆ ಊರಿನ ಮಾತು. ಹಾಗಾಗಿ ಈಗ ಊರಿಗೆ ಊರೇ ಮರದ ಕೆಳಗಿತ್ತು. ಮನೆಗಳಲ್ಲಿ ಹಾಸಿಗೆ ಹಿಡಿದ ಮುದುಕರು, ಕಟ್ಟಿದ ಕತ್ತೆಗಳು ಮಾತ್ರ ಉಳಿದಿದ್ದವು.

ಹಾಯೆಲ್ ಏಣಿಯ ಮೇಲೆ ನಿಂತು ಪ್ಲಾಸ್ಟಿಕ್ ಬಾಚಣಿಗೆಯಿಂದ ಕೊಂಬೆ ಬಾಚುತ್ತಿದ್ದ. ಕಾಯಿಗಳು ಕೆಳಗೆ ಹಾಸಿದ್ದ ತಾಡಪಾಲಿನ ಮೇಲೆ ಆಲಿಕಲ್ಲಿನ ಹಾಗೆ ಸದ್ದು ಮಾಡುತ್ತ ಬೀಳುತ್ತಿದ್ದವು. ಅವನ ತಾಯಿ ಫಿದ್ದಾ ಕಾಲು ಚಾಚಿ ಕೂತು ಎಲೆ, ಕಡ್ಡಿ ಆರಿಸುತ್ತಿದ್ದಳು. ಅರವತ್ತು ದಾಟಿದ ಹೆಂಗಸು. ಊರಿನವರು ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಉಮ್ಮು ಸತ್ತಾಮ್ ಎನ್ನುತ್ತಿದ್ದರು. ಸತ್ತಾಮನ ತಾಯಿ. ಆ ಹಿರಿಯ ಮಗ ಲಾರಿ ಓಡಿಸುತ್ತಿದ್ದವನು ಮರುಭೂಮಿಯ ಹೆದ್ದಾರಿಯಲ್ಲಿ ಅಪಘಾತಕ್ಕೆ ಸಿಕ್ಕಿ ತೀರಿಹೋಗಿ ಆರು ವರ್ಷವಾಗಿದ್ದರೂ ಅವಳು ಸತ್ತಾಮನ ತಾಯಿಯೇ.

ಕೆಳಗಿನ ಮೆಟ್ಟಿಲು ಹೊಲದಿಂದ ಉಮ್ಮು ಖಲಫ್ ಕೂಗಿದಳು. ಮೂರು ಸೊಸೆಯರನ್ನು ಮೂರು ಮರಕ್ಕೆ ಹಚ್ಚಿ ತಾನು ಮಧ್ಯದಲ್ಲಿ ಚಹಾಕ್ಕೆ ಬೆಂಕಿ ಊದುತ್ತಿದ್ದವಳು.

"ಏ ಹಾಯೆಲ್, ಕಾಯಿ ಬಿಡಿಸ್ತಿದ್ದೀಯೋ, ಮರಕ್ಕೆ ಜಡೆ ಹಾಕ್ತಿದ್ದೀಯೋ? ಇಷ್ಟು ನಯವಾಗಿ ಬಾಚಿದ್ರೆ ನಾಳೆ ಆ ಮರಕ್ಕೆ ಗಂಡು ಹುಡುಕ್ಬೇಕಾಗತ್ತೆ!"

"ಗಂಡು ಸಿಕ್ರೆ ಮೊದ್ಲು ನಿಮ್ಮ ಕೊನೇ ಮಗಳಿಗೆ ನೋಡಿ ಅತ್ತೆ. ಮರ ಕಾಯತ್ತೆ."

"ನೋಡ್ದ್ಯಾ ಉಮ್ಮು ಸತ್ತಾಮ್, ನಿನ್ನ ಮಗನ ಬಾಯಿ? ಅಮ್ಮಾನ್ ಪಟ್ಟಣಕ್ಕೆ ಹೋಗಿ ಗಿಟಾರಿನೋರ ಜೊತೆ ಕುಣಿದು ಕಲ್ತಿದ್ದು ಇದನ್ನೇ."

ಫಿದ್ದಾ ನಕ್ಕಳು. ಸೊಸೆಯರೂ ನಕ್ಕರು. ಅವರಲ್ಲಿ ಕಿರಿಯವಳು, ಇರ್ಬಿದ್ ಪಟ್ಟಣದಿಂದ ಬಂದವಳು, ಕೆಲಸಕ್ಕೆ ಬೇಸರವಾಗದಿರಲಿ ಎಂದು ಕೊಂಬೆಗೆ ಫೋನು ಸಿಕ್ಕಿಸಿ ಹಾಡು ಹಚ್ಚಿದಳು. "ಇದೇ ನೋಡಿ ಅತ್ತೆ, ಹೋದ ವಾರ ನನ್ನ ತಮ್ಮನ ಮದುವೇಲಿ ಇದಕ್ಕೇ ಎಲ್ಲಾರೂ ಸಾಲು ಕಟ್ಟಿ ಕುಣಿದಿದ್ದು."

ಡ್ರಮ್ಮಿನ ಏಟು ಬಿತ್ತು. ಗಿಟಾರು ಗುರುಗುಟ್ಟಿತು. ಅದರೊಳಗಿಂದ ಜೋಡಿ ಕೊಳಲು ಮಿಜ್ವಿಜ್ ಎದ್ದು ಬಂತು. ಒಂದೇ ಉಸಿರು, ಎಲ್ಲೂ ತುಂಡಾಗದ ಉಸಿರು. ಕೆನ್ನೆಯಲ್ಲಿ ಗಾಳಿ ಕೂಡಿಟ್ಟುಕೊಂಡು ಮೂಗಿನಿಂದ ಎಳೆಯುತ್ತ ಬಾಯಿಯಿಂದ ಊದುವ ಆ ವಿದ್ಯೆ ಸುತ್ತ ಹತ್ತು ಹಳ್ಳಿಯಲ್ಲಿ ನಾಲ್ಕು ಜನಕ್ಕೆ ಗೊತ್ತು. ಅವರಲ್ಲಿ ಪ್ರತಿ ಸಾಲಿನ ಕೊನೆಯಲ್ಲಿ ಎಡಗೊಳವೆಯನ್ನು ಹೀಗೆ ತುಸು ಅಳುಕಿಸಿ ಬಿಡುವವನು ಹಾಯೆಲ್ ಒಬ್ಬನೇ. ಅವನು ಏಣಿಯ ಮೇಲೆ ಕಲ್ಲಾದ.

ಹಾಡು ಶುರುವಾಯಿತು: *ನಿನ್ನ ಕಣ್ಣಿಗೆರಡು ದೀಪ, ಚೆಲುವೇ, ಬಾಗಿಲಿಗೊಂದು ದೀಪ...*

ತಾಡಪಾಲಿನ ಮೇಲೆ ಫಿದ್ದಾಳ ಕೈ ನಿಂತಿತು. ಮುಷ್ಟಿಯಲ್ಲಿದ್ದ ಎಲೆಗಳು ಮುಷ್ಟಿಯಲ್ಲೇ ಉಳಿದವು. ಅವಳು ಮೇಲೆ ನೋಡಲಿಲ್ಲ. ಹಾಡು ಮುಗಿಯುವವರೆಗೂ ಕೇಳಿದಳು, ಹೆಸರು ಎಲ್ಲಿ ಬರಬೇಕಿತ್ತೋ ಅಲ್ಲೆಲ್ಲ ತುಟಿ ಅಲ್ಲಾಡಿತು. ಆಮೇಲೆ ಎದ್ದು ಬಟ್ಟೆ ಕೊಡವಿಕೊಂಡು ಏಣಿಯ ಬುಡಕ್ಕೆ ಬಂದು, ಕೆಳಗಿನವರಿಗೆ ಕೇಳಿಸದ ಹಾಗೆ ಕೇಳಿದಳು.

"ಎಷ್ಟಕ್ಕೆ ಕೊಟ್ಟೆ?"

"ಯಮ್ಮಾ, ನಾನು ಕೊಟ್ಟಿಲ್ಲ."

"ಆ ಉಸಿರು ಯಾರ್ದು?"

ಅವನು ಏಣಿಯಿಂದ ಎರಡು ಮೆಟ್ಟಿಲು ಇಳಿದ.

"ನನ್ನ ಹೊಟ್ಟೇಲಿ ಒಂಬತ್ತು ತಿಂಗಳು ಆಡಿದ ಉಸಿರು ಕಣೋ. ನನಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?" ಎಂದು ಅವಳು ಚೀಲ ಎಳೆದುಕೊಂಡು ಮುಂದಿನ ಮರಕ್ಕೆ ಹೋದಳು.

*

ಸತ್ತಾಮ ಸತ್ತ ನಲವತ್ತು ದಿನದಲ್ಲಿ ಅವಳು ಕಟ್ಟಿದ ಶೋಕದ ಹಾಡು ಅದು. ಆ ಸೀಮೆಯಲ್ಲಿ ಶೋಕದ ಹಾಡು ಹೆಂಗಸರದು. ಗಂಡಸರು ಅದನ್ನು ಬಾಯಲ್ಲಿ ಇಡುವುದಿಲ್ಲ, ನಲವತ್ತು ಕಳೆದ ಮೇಲೆ ಹೆಂಗಸರೂ ನಾಲ್ಕು ಜನರೆದುರು ಹಾಡುವುದಿಲ್ಲ. ಫಿದ್ದಾ ಮಾತ್ರ ರೊಟ್ಟಿಯ ಒಲೆಯ ಮುಂದೆ ಒಬ್ಬಳೇ ಕೂತಾಗ ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು:

*ಲಾರಿಗೆರಡು ದೀಪ, ಸತ್ತಾಮಾ, ಬಾಗಿಲಿಗೊಂದು ದೀಪ.*
*ಎರಡೂ ಆರಿದವಂತೆ, ಒಂದ ನಾ ಹೇಗೆ ಆರಿಸಲಿ?*

ಗೋಡೆಯಾಚೆ ಕೂತು ಹಾಯೆಲ್ ಅದನ್ನು ಕೊಳಲಿಗೆ ಇಳಿಸಿಕೊಳ್ಳುತ್ತಿದ್ದ. ಒಂದು ದಿನ ಅವಳು ಹಿಡಿದಳು. ಬೈಯಲಿಲ್ಲ. "ಊದು. ಆದ್ರೆ ಇದು ಹೊಸ್ತಿಲು ದಾಟಬಾರ್ದು. ಸತ್ತವನ ಹೆಸರಿನ ಆಣೆ" ಎಂದಳು. ಅವನು ಆಣೆ ಇಟ್ಟ.

ಹಾಯೆಲ್ ನೀರಿನ ಪಂಪು ರಿಪೇರಿ ಮಾಡಿ ಹೊಟ್ಟೆ ಹೊರೆಯುವವನು. ನಾಲ್ಕು ವರ್ಷದ ಹಿಂದೆ ಇರ್ಬಿದಿನ ಒಂದು ಮದುವೆಯಲ್ಲಿ ಅವನು ಊದುವುದನ್ನು ಕೇಳಿ ಅಮ್ಮಾನಿನ ಸಿನಾನ್ ಬೆನ್ನು ಹತ್ತಿದ. ಸಿನಾನನಿಗೆ ಗಿಟಾರು ಬರುತ್ತಿತ್ತು, ಗಂಟಲಿತ್ತು, ಬೇರಿರಲಿಲ್ಲ. ಅದನ್ನು ಅವನೇ ಹೇಳಿಕೊಳ್ಳುತ್ತಿದ್ದ: "ನಮ್ಮಪ್ಪ ನಾಬ್ಲುಸಿನೋನು, ಅಮ್ಮ ಚೆರ್ಕೆಸ್ ಜನಾಂಗದೋಳು, ನಾನು ಹುಟ್ಟಿದ್ದು ಕುವೈತಲ್ಲಿ, ಓದಿದ್ದು ಇಂಗ್ಲಿಷಲ್ಲಿ. ಅಮ್ಮಾನಲ್ಲಿ ಕಲ್ತಿದ್ದು ಬೈಗುಳ ಒಂದೇ. ನಿನಗೇನಪ್ಪಾ, ಬಾಯಿ ತೆಗೆದ್ರೆ ಸಾವಿರ ವರ್ಷ ಮಾತಾಡತ್ತೆ." ಡ್ರಮ್ ಬಾರಿಸಲು ರಘದ್ ಎಂಬ ಹುಡುಗಿ ಸಿಕ್ಕಳು. ಅಮ್ಮಾನಿನ ವೈಬ್ದೆ ಗುಡ್ಡದ ಒಂದು ನೆಲಮಾಳಿಗೆಯಲ್ಲಿ ಗುರುವಾರ ಗುರುವಾರ ಮೂವರೂ ಸೇರುತ್ತಿದ್ದರು. ರಾಕ್ ಸಂಗೀತಕ್ಕೆ ಹೌರಾನ್ ಸೀಮೆಯ ಕುಣಿತ, ಮರುಭೂಮಿಯ ಅಲೆಮಾರಿಗಳ ಹಾಡು, ಅಜ್ಜಿಯರ ಲಾಲಿ ಎಲ್ಲವನ್ನೂ ಸುರಿದು ಸೋಸುತ್ತಿದ್ದರಿಂದ, ತಂಡಕ್ಕೆ ಘಿರ್ಬಾಲ್, ಅಂದರೆ ಜರಡಿ, ಎಂದು ಹೆಸರಿಡಿ ಎಂದವನು ಹಾಯೆಲನೇ.

ಈ ವರ್ಷದ ವಸಂತದಲ್ಲಿ ಒಂದು ಗುರುವಾರ ಕರೆಂಟು ಹೋಯಿತು. ಗಿಟಾರು ಸತ್ತುಹೋಯಿತು. ಸಿನಾನ್ ಕತ್ತಲಲ್ಲಿ ತನ್ನ ಅಜ್ಜಿ ಸತ್ತದ್ದನ್ನು ಹೇಳಿದ. ಅವಳಿಗಾಗಿ ಅಳಲು ಯಾವ ಭಾಷೆಯಲ್ಲಿ ಅಳಬೇಕೆಂದು ತನಗೆ ತಿಳಿಯಲಿಲ್ಲ ಎಂದ. ಅದನ್ನು ಕೇಳಿ ಹಾಯೆಲನ ಒಳಗೆ ಏನೋ ಸಡಿಲವಾಯಿತು. ತಾಯಿಯ ಹಾಡನ್ನು ಹೇಳಿದ, ಊದಿದ. ಆಮೇಲೆ ಹೆದರಿ, "ಇದು ಇಲ್ಲೇ ಇರ್ಲಿ. ಇದನ್ನ ಬಾರಿಸೋ ಹಾಗಿಲ್ಲ, ಆಣೆ ಇದೆ" ಎಂದ. "ನಿನ್ನಾಣೆ ನಮ್ಮಾಣೆ" ಎಂದ ಸಿನಾನ್, ಎದೆ ಮುಟ್ಟಿಕೊಂಡು. ಮೇಜಿನ ಮೇಲಿದ್ದ ಅವನ ಫೋನು ಎಲ್ಲವನ್ನೂ ಹಿಡಿದಿಟ್ಟುಕೊಳ್ಳುತ್ತಿತ್ತು.

ಆ ಬೇಸಿಗೆ ಪಂಪುಗಳ ಕೆಲಸ ಹೆಚ್ಚಿ ಹಾಯೆಲ್ ಕೊಯ್ಲಿನವರೆಗೂ ಅಮ್ಮಾನಿಗೆ ಹೋಗಲಿಲ್ಲ. ಅಷ್ಟರಲ್ಲಿ ಶೋಕ ಕುಣಿತವಾಗಿತ್ತು.

*

ಮರದ ಕೆಳಗೆ ಹಾಡು ಕೇಳಿದ ಮರುದಿನ ಅವನು ಕೊಯ್ಲು ಬಿಟ್ಟು ಬಸ್ಸು ಹತ್ತಿದ. ಕೊಯ್ಲು ಬಿಟ್ಟು ಹೋಗುವುದೆಂದರೆ ಆ ಊರಿನಲ್ಲಿ ಸುದ್ದಿ. ನೆಲಮಾಳಿಗೆಯಲ್ಲಿ ಸಿನಾನ್ ಅವನನ್ನು ತಬ್ಬಿಕೊಂಡೇ ಬರಮಾಡಿಕೊಂಡ. ರಘದ್ ಡ್ರಮ್ಮಿನ ಹಿಂದಿನಿಂದ ಏಳಲಿಲ್ಲ.

"ಎಲ್ಲಿದ್ದೆ ಮಾರಾಯ? ಫೋನೂ ಇಲ್ಲ! ಕೇಳಿದ್ಯಾ? ಎಲ್ಲೆಲ್ಲೂ ಅದೇ."

"ಕೇಳಿದೆ. ನಮ್ಮಮ್ಮನೂ ಕೇಳಿದ್ಲು."

ಸಿನಾನನ ಕೈ ಕೆಳಗಿಳಿಯಿತು. "ನೋಡು, ಹೆಸರು ತೆಗೆದಿದ್ದೀನಿ. ಲಾರಿ ತೆಗೆದಿದ್ದೀನಿ. ಯಾರಿಗೂ ಗೊತ್ತಾಗಲ್ಲ."

"ಹೆಸರು ತೆಗೆದಿದ್ದಕ್ಕೇ ಬಂದಿದ್ದೀನಿ ಕಣೋ. ಅವನ ಹಾಡಿಂದ ಅವನನ್ನೇ ಹೊರಗೆ ಹಾಕಿ ಬಾಗಿಲು ಹಾಕ್ಕೊಂಡ್ರಲ್ಲ."

"ನಾನು ಬೇಡ ಅಂದೆ" ಎಂದಳು ರಘದ್, ನೆಲ ನೋಡುತ್ತ. "ಆಮೇಲೆ ಬಾರಿಸಿದೆ. ಅದೂ ನಿಜ."

ಸಿನಾನ್ ಕೂತ. "ಹಾಯೆಲ್, ನಾಲ್ಕು ವರ್ಷ ನಾವು ಹಾಡಿದ್ದೆಲ್ಲ ಅಂಗಡಿ ಸಾಮಾನು. ಇದೊಂದು ನಿಜವಾಗಿತ್ತು. ಇದನ್ನ ಹಾಡಿದಾಗ ಮೊದಲನೇ ಸಲ ನನಗೂ ಒಂದು ಊರಿದೆ ಅನ್ನಿಸ್ತು."

"ನಿನಗೆ ಊರು ಬೇಕಿದ್ರೆ ಬಂದು ಇರಬಹುದಿತ್ತಲ್ಲ. ಹಾಸಿಗೆ ಹಾಸ್ತಿದ್ವಿ. ಕದ್ದೇ ತಗೊಂಡು ಹೋಗ್ಬೇಕಿತ್ತಾ?"

ಹಾಡನ್ನು ವಾಪಸು ತೆಗೆಯಲು ಆಗದು, ಅದು ಎಲ್ಲರ ಜೇಬಿನಲ್ಲಿದೆ ಎಂಬುದು ಹಾಯೆಲನಿಗೂ ಗೊತ್ತಿತ್ತು. ದುಡ್ಡು ಅವನಿಗೆ ಬೇಡ. ಬೇಕಾಗಿದ್ದದ್ದು ಒಂದೇ.

"ನೀನು ನಮ್ಮನೆಗೆ ಬಾ. ನಮ್ಮಮ್ಮನ ಮುಂದೆ ನಿಂತು ಒಂದು ಮಾತು ಹೇಳು. ಹಾಯೆಲ್ ಮಾರಿಲ್ಲ, ಅವನು ಬೇಡ ಅಂದ, ನಾವು ತಗೊಂಡ್ವಿ ಅಂತ. ಅಷ್ಟೇ. ನಾನು ಹೇಳಿದ್ರೆ ಅವಳು ನಂಬಲ್ಲ. ಹಾಡಲ್ಲಿ ನನ್ನ ಉಸಿರಿದೆ."

"ಶುಕ್ರವಾರ ಬರ್ತೀನಿ" ಎಂದ ಸಿನಾನ್. ಕಣ್ಣಲ್ಲಿ ನೀರಿತ್ತು. ಆ ನೀರು ಸುಳ್ಳಲ್ಲ ಎಂದು ಹಾಯೆಲ್ ಇಂದಿಗೂ ಹೇಳುತ್ತಾನೆ.

ಊರಿಗೆ ಬಂದು ತಾಯಿಗೆ ಹೇಳಿದ. "ಶುಕ್ರವಾರ ಅವನೇ ಬಂದು ಹೇಳ್ತಾನೆ ಯಮ್ಮಾ."

"ಬರ್ಲಿ" ಎಂದಳು ಫಿದ್ದಾ. ಅಂಗಳಕ್ಕೆ ನೀರು ಚೆಲ್ಲಿ ಗುಡಿಸಿದಳು. ಅತಿಥಿಗೆಂದು ತೆಗೆದಿಟ್ಟಿದ್ದ ಹಾಸನ್ನು ಬಿಸಿಲಿಗೆ ಹಾಕಿದಳು. ಅಷ್ಟರಮಟ್ಟಿಗೆ ನಂಬಿದಳು.

*

ಶುಕ್ರವಾರ ಸಿನಾನ್ ಬಂದ, ಆದರೆ ಒಬ್ಬನೇ ಬರಲಿಲ್ಲ. ಆ ಶನಿವಾರ ಇರ್ಬಿದಿನಲ್ಲಿ ಘಿರ್ಬಾಲಿನ ದೊಡ್ಡ ಕಾರ್ಯಕ್ರಮವಿತ್ತು. ಇರ್ಬಿದಿನ ಅರ್ಧದಷ್ಟು ಬೀದಿಗಳಲ್ಲಿ ಹಾಯೆಲನ ಕುಲದವರೇ ಇದ್ದರು. ಸತ್ತವನ ಶೋಕಕ್ಕೆ ಜನ ಕುಣಿದರಂತೆ ಎಂಬ ಮಾತು, ಆ ರಾಗವನ್ನು ಶೋಕದ ದಿನಗಳಲ್ಲಿ ಕೇಳಿದ್ದ ಉಮ್ಮು ಖಲಫಳಿಂದ ಸೊಸೆಗೆ, ಸೊಸೆಯಿಂದ ಅಲ್ಲಿಗೆ ಮುಟ್ಟಿತ್ತು. ಗಲಾಟೆಯಾದೀತೆಂದು ಸಿನಾನನ ಅಪ್ಪ ಹೆದರಿ, ರಾಜಿ ಕೇಳಲು ಹಿರಿಯರ ತಂಡ ಕಟ್ಟಿದ. ಆ ಪದ್ಧತಿಗೆ ಅಲ್ಲಿ ಜಾಹಾ ಎನ್ನುತ್ತಾರೆ. ಹದಿನೇಳು ಕಾರು. ಮುಂದಿನ ಕಾರಿನಲ್ಲಿ ಹಳೆಯ ಪಾರ್ಲಿಮೆಂಟ್ ಸದಸ್ಯ ಅಬು ನವ್ವಾಫ್. ಅವರೆಲ್ಲ ನೇರ ಹೋದದ್ದು ಹಾಯೆಲನ ದೊಡ್ಡಪ್ಪ ಅಬು ಮಿಫ್ಲೆಹನ ಅತಿಥಿಶಾಲೆಗೆ. ಕುಲದ ಹಿರಿಯ ಅವನು, ನೊಂದವರ ಹಕ್ಕನ್ನು ಪಾಲು ಮಾಡಿ ಯಾವುದನ್ನು ಬಿಡುವುದು, ಯಾವುದನ್ನು ಕೇಳುವುದು ಎಂದು ಸಭೆಯಲ್ಲಿ ಹೇಳಬೇಕಾದವನು. ಫಿದ್ದಾಳ ಅಂಗಳ ಅಲ್ಲಿಂದ ನಲವತ್ತು ಹೆಜ್ಜೆ.

ಕಾರುಗಳ ಸಾಲು ನೋಡಿ ಅಬು ಮಿಫ್ಲೆಹನ ಮೀಸೆ ತಾನಾಗಿ ಎತ್ತರವಾಯಿತು. ಹಾಯೆಲ್ ಅವನನ್ನು ಬಾಗಿಲಲ್ಲೇ ತಡೆದ.

"ದೊಡ್ಡಪ್ಪಾ, ಎಲ್ಲಾ ಬಿಟ್ಟುಕೊಡಿ, ನನಗೇನೂ ಬೇಡ. ಕೊನೇ ಪಾಲು ಒಂದು ಮಾತ್ರ ಬಿಡಬೇಡಿ. ಅದನ್ನ ನನ್ನ ಬಾಯಿಗೆ ಬಿಡಿ. ಅವನು ಯಮ್ಮನ ಹತ್ರ ಬಂದು ಒಂದು ಮಾತು ಹೇಳ್ಬೇಕು."

"ನನ್ನ ಕಣ್ಣಾಣೆ ಮಗನೇ. ಸತ್ತಾಮನ ಪಾಲು ಅದು. ಅದನ್ನ ನಾನು ಬಿಡ್ತೀನಾ? ಈ ಪೇಟ ಸರಿಯಾಗಿದೆಯಾ ನೋಡು."

ಒಳಗೆ ಗೋಡೆಗುಂಟ ಅರವತ್ತು ಗಂಡಸರು ಕೂತರು. ಏಲಕ್ಕಿ ಹಾಕಿದ ಕಹಿ ಕಾಫಿ ಬಂತು. ಅಬು ನವ್ವಾಫ್ ಬಟ್ಟಲು ತೆಗೆದುಕೊಂಡು ತನ್ನ ಮುಂದೆ ನೆಲದ ಮೇಲಿಟ್ಟ, ಕುಡಿಯಲಿಲ್ಲ. ಅದು ಪದ್ಧತಿ. ಕೇಳಿದ್ದು ಸಿಗುವವರೆಗೆ ಕಾಫಿ ಮುಟ್ಟುವುದಿಲ್ಲ.

"ಅಬು ಮಿಫ್ಲೆಹ್," ಎಂದ ಅವನು, "ನಾವು ಕಾಫಿಗೆ ಬಂದೋರಲ್ಲ. ನಿಮ್ಮ ಹಕ್ಕು ನಮ್ಮ ಕುತ್ತಿಗೆ ಮೇಲಿದೆ. ಹುಡುಗ್ರ ನಡುವೆ ಏನೋ ಒಂದು ತಪ್ಪು ನಡೆದಿದೆ. ಏನು, ಎತ್ತ ಅಂತ ಕೆದಕೋದು ಹೆಂಗಸರ ಕೆಲಸ. ಮುಚ್ಚೋದು ಗಡ್ಡ ಇರೋರ ಕೆಲಸ. ಏನು ಕೇಳ್ತೀರೋ ಕೇಳಿ."

ಅಬು ಮಿಫ್ಲೆಹ್ ಎದ್ದು ನಿಂತ. ಇಂಥ ದಿನಕ್ಕೆಂದೇ ಗಂಟಲು ಸಾಕಿಕೊಂಡವನು. "ನಮ್ಮ ಹಕ್ಕು ದೊಡ್ಡದು. ಸತ್ತವನ ಹಕ್ಕು! ಅದರಲ್ಲಿ ನಾಲ್ಕು ಪಾಲು ಮಾಡ್ತೀನಿ. ಒಂದು ಪಾಲು ದೇವರ ಮುಖಕ್ಕಾಗಿ ಬಿಟ್ಟೆ."

"ದೇವರು ನಿಮ್ಮನ್ನ ಬೆಳಗ್ಲಿ" ಎಂದಿತು ಸಭೆ.

"ಎರಡನೇ ಪಾಲು ಪ್ರವಾದಿಯ ಮೇಲಿನ ಪ್ರೀತಿಗಾಗಿ ಬಿಟ್ಟೆ."

"ಅವರ ಮೇಲೆ ಶಾಂತಿ ಇರ್ಲಿ."

"ಮೂರನೇ ಪಾಲು ನಮ್ಮ ಹೊಸ್ತಿಲು ತುಳಿದ ಈ ದೊಡ್ಡವರಿಗಾಗಿ ಬಿಟ್ಟೆ."

ಸಭೆ ಹೂಂಗುಟ್ಟಿತು. ಹಾಯೆಲ್ ಗೋಡೆಯಿಂದ ಬೆನ್ನು ತೆಗೆದು ಮುಂದೆ ಬಾಗಿದ. ಎದುರಿಗೆ ಕೂತಿದ್ದ ಸಿನಾನ್ ತಲೆ ಎತ್ತಿ ಅವನನ್ನು ನೋಡಿದ, ಏಳಲು ಸಿದ್ಧನಾದವನಂತೆ ಕೈ ನೆಲಕ್ಕೂರಿದ. ದೊಡ್ಡಪ್ಪ ಒಂದು ಕ್ಷಣ ಮಾತು ತಡೆದ. ಆ ಕ್ಷಣದಲ್ಲಿ ಅವನ ಕಣ್ಣು ಹಾಯೆಲನ ಕಡೆ ಬರಲಿಲ್ಲ. ಅರವತ್ತು ಮುಖಗಳ ಮೇಲೆ ಒಂದು ಸುತ್ತು ಹೊಡೆಯಿತು. ಎಲ್ಲರೂ ಕಾಯುತ್ತಿದ್ದರು. ಇನ್ನೊಂದು ಮಾತಿಗೆ ಇಡೀ ಜಿಲ್ಲೆ ತನ್ನ ಔದಾರ್ಯವನ್ನು ಹತ್ತು ವರ್ಷ ಹೇಳಿಕೊಳ್ಳುತ್ತದೆ ಎಂಬುದು ಅವನಿಗೆ ಕಾಣುತ್ತಿತ್ತು.

"ನಾಲ್ಕನೇ ಪಾಲು, ಅಬು ನವ್ವಾಫ್, ನಿಮ್ಮ ಈ ಬಿಳೀ ಗಡ್ಡಕ್ಕಾಗಿ! ಇನ್ನೇನೂ ಉಳಿದಿಲ್ಲ. ಕಾಫಿ ಕುಡೀರಿ!"

ಹೊಗಳಿಕೆ ಛಾವಣಿಗೆ ಮುಟ್ಟಿತು. ಅರವತ್ತು ಬಟ್ಟಲು ಒಟ್ಟಿಗೆ ಮೇಲೆದ್ದವು. ನೆಲಕ್ಕೂರಿದ್ದ ಕೈಯನ್ನು ಸಿನಾನ್ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ದೊಡ್ಡಪ್ಪಾ..." ಎಂದ ಹಾಯೆಲ್.

ಪಕ್ಕದ ಮುದುಕನೊಬ್ಬ ಅವನ ಮಂಡಿ ಒತ್ತಿದ. "ಸುಮ್ಮನಿರು ಮಗಾ. ಕಾಫಿ ಕುಡಿದಾಯ್ತು. ಈಗ ಬಾಯಿ ಬಿಟ್ರೆ ಉಗುಳಿದ್ದನ್ನ ನೆಕ್ಕಿದ ಹಾಗೆ."

ಊಟವಾಯಿತು. ಅನ್ನ, ಮೊಸರಿನಲ್ಲಿ ಬೆಂದ ಕುರಿ, ದೊಡ್ಡ ದೊಡ್ಡ ತಟ್ಟೆ. ಹಾಯೆಲ್ ಉಣ್ಣದೆ ಒಂದು ಬದಿಗೆ ನಿಂತಿದ್ದ. ಅತಿಥಿಗಳು ಹೊರಟಾಗ ಕಾರಿನ ಬಳಿ ಸಿನಾನನನ್ನು ಹಿಡಿದ.

"ಬಾ. ಅಲ್ಲೇ ಇದೆ ಮನೆ. ಹಾಸು ಹಾಕಿ ಕಾಯ್ತಿದ್ದಾಳೆ. ನಲವತ್ತು ಹೆಜ್ಜೆ ಕಣೋ."

ಸಿನಾನ್ ಆ ಕಡೆ ನೋಡಿದ. ಆಮೇಲೆ ಕಾರಿನೊಳಗಿದ್ದ ಅಪ್ಪನ ಕಡೆ ನೋಡಿದ. "ಬರ್ಬೇಕು ಅಂತ್ಲೇ ಬಂದೆ, ದೇವರಾಣೆ. ಆದ್ರೆ ಅಪ್ಪ ಹೇಳ್ತಾರೆ, ರಾಜಿ ಆದ್ಮೇಲೆ ಹೋಗಿ ತಪ್ಪು ಒಪ್ಕೊಂಡ್ರೆ ಮುಚ್ಚಿದ್ದನ್ನ ಮತ್ತೆ ತೆರೆದ ಹಾಗಂತೆ. ಹಿರಿಯರಿಗೆ ಅವಮಾನವಂತೆ. ಇನ್ನೊಂದಿನ ಬರ್ತೀನಿ."

"ಇನ್ನೊಂದಿನ ಬಂದ್ರೆ ನೀನು ದಾರಿ ತಪ್ಪಿ ಬಂದೋನು ಆಗ್ತೀಯ, ತಪ್ಪು ಒಪ್ಕೊಳ್ಳೋಕೆ ಬಂದೋನು ಆಗಲ್ಲ."

"ನಾಳೆ ಇರ್ಬಿದ್‌ಗೆ ಬಾ. ಮೊದಲನೇ ಸಾಲಲ್ಲಿ ಕುರ್ಚಿ ಇಟ್ಟಿರ್ತೀನಿ."

"ಕೊಳಲು ಯಾರು ಊದ್ತಾರೆ?"

"ಯಾರೂ ಊದಲ್ಲ. ನಿನ್ನ ಉಸಿರು ಮೆಷಿನ್ನಲ್ಲಿದೆಯಲ್ಲ, ಅದೇ ಸಾಕು. ಅಂಥದ್ದು ಬೇರೆ ಯಾರಿಗೆ ಬರತ್ತೆ?" ಅವನು ಹೊಗಳಿಕೆಯಾಗಿಯೇ ಹೇಳಿದ. ಕಾರಿನ ಬಾಗಿಲು ಮುಚ್ಚಿತು.

*

ಫಿದ್ದಾ ಹಾಸಿನ ಪಕ್ಕದಲ್ಲಿ ಬರಿಯ ಕಲ್ಲಿನ ಮೇಲೆ ಕೂತಿದ್ದಳು. ಕಾರುಗಳು ಒಂದೊಂದಾಗಿ ತಿರುವು ದಾಟುವುದನ್ನು ಎಣಿಸುತ್ತಿದ್ದಳೋ ಏನೋ.

"ಹೋದ್ರಾ?"

"ಹೋದ್ರು."

"ನಿಮ್ಮ ದೊಡ್ಡಪ್ಪ ಏನು ಮಾಡ್ದ?"

ಹಾಯೆಲ್ ಇದ್ದದ್ದನ್ನು ಇದ್ದಂತೆ ಹೇಳಿದ. ದೇವರಿಗೊಂದು, ಪ್ರವಾದಿಗೊಂದು, ಅತಿಥಿಗಳಿಗೊಂದು, ಗಡ್ಡಕ್ಕೊಂದು.

"ಸತ್ತಾಮನಿಗೆ?"

"ಏನೂ ಇಲ್ಲ ಯಮ್ಮಾ."

ಅವಳು ತಲೆವಸ್ತ್ರದ ಅಂಚು ಸರಿಮಾಡಿಕೊಂಡಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ನಾನು ಈ ಊರಲ್ಲಿ ನಲವತ್ತು ವರ್ಷದಿಂದ ರಾಜಿ ನೋಡಿದ್ದೀನಿ ಕಣೋ. ತನ್ನ ಹಕ್ಕು ಗಟ್ಟಿ ಇರೋನು ಮೂರು ಸಲ ವಾಪಸ್ ಕಳಿಸ್ತಾನೆ, ನಾಲ್ಕನೇ ಸಲ ಕಾಲು ಪಾಲು ಬಿಡ್ತಾನೆ. ಒಂದೇ ಉಸಿರಲ್ಲಿ ಎಲ್ಲಾ ಬಿಡೋನು, ತನ್ನ ಚೀಲದಲ್ಲಿ ತೂತಿರೋನು. ಅವನೂ ಬರ್ಲಿಲ್ಲ, ನೀವೂ ಕೇಳ್ಲಿಲ್ಲ. ನಾನೇನು ತಿಳ್ಕೋಬೇಕು?"

"ನಾನು ಮಾರಿಲ್ಲ. ಹೊಸ್ತಿಲು ದಾಟಿಸಿದ್ದು ನಿಜ, ಅದು ನನ್ನ ಪಾಪ. ಮಾರಿಲ್ಲ."

ಅಷ್ಟರಲ್ಲಿ ದೊಡ್ಡಪ್ಪನ ಮಗಳೊಬ್ಬಳು ಮುಚ್ಚಿದ ತಟ್ಟೆಯೊಂದನ್ನು ಹೊಸ್ತಿಲಲ್ಲಿಟ್ಟು, "ಅಪ್ಪ ಕಳಿಸಿದ್ರು, ಸತ್ತಾಮನ ಮನೆಯೋರ ಪಾಲು ಅಂತ" ಎಂದು ಹೇಳಿ ಓಡಿಹೋದಳು. ಅನ್ನದ ಮೇಲೆ ಒಳ್ಳೆಯ ಮಾಂಸವೇ ಇತ್ತು. ಬಿಸಿಯಾಗಿತ್ತು.

ಫಿದ್ದಾ ಮುಚ್ಚಳ ಎತ್ತಿ ನೋಡಿ ಮತ್ತೆ ಮುಚ್ಚಿದಳು. "ಇದನ್ನ ತಗೊಂಡು ಹೋಗಿ ವಾಪಸ್ ಕೊಟ್ಟು ಬಾ."

ರಾಜಿಯ ಊಟವನ್ನು ಮುಟ್ಟದೆ ಹಿಂದಿರುಗಿಸುವುದೆಂದರೆ ರಾಜಿಯನ್ನೇ ಹಿಂದಿರುಗಿಸಿದಂತೆ. ಕುಲದಲ್ಲಿ ಯಾರೂ ಮಾಡಿದ್ದಿಲ್ಲ.

"ಯಮ್ಮಾ, ಅಲ್ಲಿ ಇನ್ನೂ ಜನ ಇದ್ದಾರೆ."

"ಅದಕ್ಕೇ ಹೇಳಿದ್ದು."

ಅವನು ತಟ್ಟೆ ಎತ್ತಿ ತಲೆಯ ಮೇಲಿಟ್ಟುಕೊಂಡು ನಡೆದ. ತನ್ನನ್ನು ನಂಬಿ ಕಳಿಸುತ್ತಿದ್ದಾಳೋ, ಶಿಕ್ಷೆ ಎಂದು ಕಳಿಸುತ್ತಿದ್ದಾಳೋ ತಿಳಿಯಲಿಲ್ಲ. ಕೇಳಲು ಧೈರ್ಯವೂ ಬರಲಿಲ್ಲ. ಸೂರ್ಯ ಇನ್ನೂ ಎತ್ತರದಲ್ಲಿದ್ದ. ಮೆಟ್ಟಿಲು ಹೊಲಗಳಿಂದ ಜನ ಬೆನ್ನು ನೆಟ್ಟಗೆ ಮಾಡಿ ನೋಡಿದರು. ಉಮ್ಮು ಖಲಫ್ ಕೂಡ ಏನೂ ಕೂಗಲಿಲ್ಲ.

ಅತಿಥಿಶಾಲೆಯಲ್ಲಿ ದೊಡ್ಡಪ್ಪ ಹತ್ತಿಪ್ಪತ್ತು ಜನರ ನಡುವೆ ಒರಗಿ ಕೂತು ಹಲ್ಲಿಗೆ ಕಡ್ಡಿ ಹಾಕುತ್ತಿದ್ದ. ಹಾಯೆಲ್ ತಟ್ಟೆಯನ್ನು ಅವನ ಮುಂದಿಟ್ಟು ಮುಚ್ಚಳ ತೆಗೆದ, ಮುಟ್ಟದ ಅನ್ನ ಎಲ್ಲರಿಗೂ ಕಾಣುವಂತೆ.

"ಏನಿದು?" ಎಂದ ಅಬು ಮಿಫ್ಲೆಹ್, ಮೆಲ್ಲಗೆ.

"ಯಮ್ಮ ಉಣ್ಣಲಿಲ್ಲ."

"ತಗೊಂಡು ಹೋಗೋ. ಜನರ ಮುಂದೆ ನನ್ನ ಮೀಸೆ ಬೋಳಿಸ್ಬೇಡ. ಎಲ್ಲಾ ತೀರಿದೆ."

"ನಿಮ್ಮದು ತೀರಿದೆ ದೊಡ್ಡಪ್ಪಾ" ಎಂದ ಹಾಯೆಲ್. "ನಾಲ್ಕೂ ಪಾಲು ನಿಮ್ಮದನ್ನೇ ಬಿಟ್ರಿ. ಸತ್ತಾಮನ ಪಾಲಿಗೆ ಇನ್ನೂ ಯಾರೂ ನಮ್ಮ ಹೊಸ್ತಿಲಿಗೆ ಬಂದಿಲ್ಲ."

ಯಾರೋ ಕೆಮ್ಮಿದರು. ಅವನು ಬಾಗಿಲಿಗೆ ಬಂದು, ಅಷ್ಟೊಂದು ಚಪ್ಪಲಿಗಳ ನಡುವೆ ತನ್ನದನ್ನು ಹುಡುಕಿ, ಕಾಲಿಗೆ ತೂರಿಸಿಕೊಂಡು ಮನೆಯ ಕಡೆ ಹೆಜ್ಜೆ ಹಾಕಿದ.